ಹುಳಿಮಾವಿನ ಕೆರೆಗಿಳಿದ ನಮ್ಮವರ ದೋಣಿ

ಗಂಡಸರಿಗೆ ನಲವತ್ತೈದು ದಾಟುತ್ತಿದ್ದಂತೆ ಏನಾದರೊಂದು ಹುಚ್ಚು ಹಿಡಿಯುತ್ತದೆ ಎಂಬುದು ನಮ್ಮ ಜಯನಗರದ ಬೀದಿಯ ಹೆಂಗಸರೆಲ್ಲ ಒಪ್ಪಿಕೊಂಡಿದ್ದ ಸತ್ಯ. ಎದುರುಮನೆಯವರು ಹೋಮಿಯೋಪತಿ ಹಿಡಿದು, ಕೆಮ್ಮಿದವರು ಕೆಮ್ಮದವರು ಎನ್ನದೆ ಎಲ್ಲರಿಗೂ ಸಕ್ಕರೆ ಗುಳಿಗೆ ಹಂಚುತ್ತಿದ್ದರು. ಪಕ್ಕದ ಮನೆಯವರು ಹೆಂಡತಿಗಿಂತ ಹೆಚ್ಚಾಗಿ ಗುಲಾಬಿ ಗಿಡಗಳ ಜೊತೆ ಮಾತಾಡುತ್ತಿದ್ದರು. ಇಂಥವುಗಳ ಬಗ್ಗೆ ನನ್ನದೇನೂ ತಕರಾರಿರಲಿಲ್ಲ; ಮನೆಯೊಳಗಿನ ಹುಚ್ಚು ಕ್ಲಬ್ಬಿನ ಹುಚ್ಚಿಗಿಂತ ಎಷ್ಟೋ ವಾಸಿ. ಆದರೆ ನಮ್ಮವರಿಗೆ ಹಿಡಿದದ್ದು ದೋಣಿಯ ಹುಚ್ಚು. ಅದು ಎಂಬತ್ತರ ದಶಕದ ಆರಂಭ, ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿ ಗೊರಗೊರ ಎಂದರೂ ಹಬ್ಬ ಎನ್ನುವ ಕಾಲ. "ಮುಖ ತೊಳೆಯೋಕೆ ನೀರಿಲ್ಲ, ಇವನಿಗೆ ದೋಣಿ ಬೇಕಂತೆ!" ಎಂದು ನಮ್ಮ ಅತ್ತೆ ದೇವರಿಗೇ ನೇರವಾಗಿ ದೂರು ಕೊಟ್ಟರು.

ದೋಣಿ ಎಂದರೆ ಕೂತು ಹೋಗುವ ದೋಣಿಯಲ್ಲ. ತೊಟ್ಟಿಲಿನಷ್ಟು ಉದ್ದ, ತಳ ಚಪ್ಪಟೆ, ಮುಂದೆ ಎರಡು ಕೊಂಬು. ಪುಟ್ಟ ಎಂಜಿನ್ ಓಡತೊಡಗಿದರೆ ನೀರನ್ನು ಸೀಳದೆ, ನೀರಿನ ಮೇಲೇ ಜಾರಿಕೊಂಡು ಹೋಗುವ ಜಾತಿ. ದಡದಲ್ಲಿ ನಿಂತು ರೇಡಿಯೋ ಪೆಟ್ಟಿಗೆಯ ಕಡ್ಡಿ ತಿರುಗಿಸಿದರೆ ನೀರಿನಲ್ಲಿ ದೋಣಿಯೂ ಅಷ್ಟಷ್ಟೇ ತಿರುಗಬೇಕು. ಅದರ ನಕ್ಷೆ, ಹಳೆಯ ಇಂಗ್ಲಿಷ್ ಪತ್ರಿಕೆಯೊಂದರೊಳಗೆ ಮಡಿಸಿಟ್ಟಿದ್ದು, ಫುಟ್‌ಪಾತಿನಲ್ಲಿ ಇವರಿಗೆ ಸಿಕ್ಕಿತ್ತು. ರೇಡಿಯೋ ಪೆಟ್ಟಿಗೆಯನ್ನು, ಹಿಂದೆ ಇವರ ಜೊತೆ ಕೆಲಸ ಮಾಡಿ ಈಗ ಬೇರೆ ಕಂಪನಿಯಲ್ಲಿದ್ದ ಗೆಳೆಯ ಮೂರ್ತಿ ಫಾರಿನ್‌ಗೆ ಹೋದಾಗ ತಂದುಕೊಟ್ಟಿದ್ದರು. ನಮ್ಮವರು ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. "ಇವನು ಎಳೆದ ಗೆರೆ ಮೇಲೆ ಕುಡುಕನ್ನ ಬಿಟ್ರೂ ನೆಟ್ಟಗೆ ನಡೀತಾನೆ ಮೇಡಂ" ಎಂದು ಮೂರ್ತಿ ನನ್ನೆದುರು ಹೊಗಳುತ್ತಿದ್ದರು.

ಅಂಥವರು, ಊಟದ ಮೇಜಿನ ಮೇಲೆ ನಕ್ಷೆ ಹರಡಿ, "ಇದನ್ನ ಪ್ಲೈವುಡ್ ಮೇಲೆ ನೀನೇ ಇಳಿಸು. ನಿನ್ನ ಕೈ ನೀಟು" ಎಂದಾಗ ನಾನು ಉಬ್ಬಿಹೋದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೊಲಿಗೆಯನ್ನು ಭಕ್ತಿಯಂತೆ ಕಲಿಸಿದ್ದರು. ರವಿಕೆಯ ಮಾದರಿ ಇಳಿಸುವ ಹಲ್ಲಿನ ಚಕ್ರ, ಕಾರ್ಬನ್ ಹಾಳೆ ತಂದು ದೋಣಿಯ ಪಕ್ಕೆಲುಬುಗಳನ್ನೆಲ್ಲ ಇಳಿಸಿದೆ. ಗರಗಸ ಹಿಡಿದು ಕತ್ತರಿಸುವ ಕೆಲಸವೂ ಹೇಗೋ ನನ್ನ ಪಾಲಿಗೇ ಬಂತು. ಇವರು ತುಂಡುಗಳನ್ನು ನಕ್ಷೆಯ ಮೇಲಿಟ್ಟು ನೋಡಿ ಕನ್ನಡಕ ತೆಗೆದರು.

"ಏನೇ ಇದು, ಎಲ್ಲಾದ್ರ ಸುತ್ತಲೂ ಅರ್ಧ ಇಂಚು ಜಾಸ್ತಿ ಇದೆ?"

"ಹೊಲಿಗೆಗೆ ಬಿಟ್ಟಿದೀನಿ."

"ದೋಣೀನ ಯಾರೇ ಹೊಲೀತಾರೆ?"

"ಹಾಗಲ್ಲಾ, ನಾಳೆ ಬಿಚ್ಚಿ ದೊಡ್ಡದು ಮಾಡ್ಬೇಕಾದ್ರೆ?"

ಇವರು ಮೇಜು ಹಿಡಿದುಕೊಂಡು ನಕ್ಕರು. ಅತ್ತೆ ಜಪಮಣಿ ನಿಲ್ಲಿಸಿ, "ಅವಳು ಹೇಳೋದ್ರಲ್ಲಿ ತಪ್ಪೇನಿದೆ? ಬೆಳೆಯೋ ಮಕ್ಕಳ ಬಟ್ಟೆಗೆ ಬಿಡಲ್ವಾ?" ಎಂದು ನನ್ನ ಪಕ್ಷ ವಹಿಸಿದರು. ಅತ್ತೆ ನನ್ನ ಪಕ್ಷ ವಹಿಸಿದ ಸಂದರ್ಭಗಳು ಕಡಿಮೆ. ಇದು ದೋಣಿಯ ವಿಷಯದಲ್ಲಿ ವ್ಯರ್ಥವಾಯಿತಲ್ಲ ಎಂದು ಈಗಲೂ ಬೇಸರ. ಆದರೆ ಆ ಪಕ್ಷಪಾತ ಬಹಳ ದಿನ ಬಾಳಲಿಲ್ಲ. ಪಕ್ಕೆಲುಬುಗಳನ್ನೆಲ್ಲ ಮತ್ತೆ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದ ಮೇಲೆ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಲು ಇವರು ದೋಣಿಯನ್ನು ತೇಲಿಬಿಟ್ಟದ್ದು ಅತ್ತೆ ಮಡಿಗೆಂದು ತುಂಬಿಸಿಟ್ಟಿದ್ದ ತೊಟ್ಟಿಯಲ್ಲಿ. ದೋಣಿ ಸೋರಲಿಲ್ಲ. ಅಂಟಿನ ವಾಸನೆಯ ಆ ನೀರಷ್ಟನ್ನೂ ಅತ್ತೆ ಪಕ್ಕದ ಮನೆಯ ಗುಲಾಬಿಗಳಿಗೆ ದಾನ ಮಾಡಿ, ಮಗನ ಜೊತೆ ಮಾತು ಬಿಟ್ಟರು.

ಈ ಗಲಾಟೆಗಳ ನಡುವೆ ನನ್ನ ಕಣ್ಣಿಗೆ ಸಣ್ಣಪುಟ್ಟ ಸಂಗತಿಗಳು ಬೀಳುತ್ತಿದ್ದವು. ಕಾಫಿಯನ್ನು ಲೋಟದ ಅಂಚಿನ ತನಕ ನೊರೆ ಬರಿಸಿ ಕುಡಿಯುತ್ತಿದ್ದವರು "ಅರ್ಧ ಲೋಟ ಸಾಕು" ಎನ್ನತೊಡಗಿದ್ದರು. ಪೇಪರನ್ನು ಕೈಯಲ್ಲಿ ಎತ್ತಿ ಹಿಡಿಯದೆ ಮೇಜಿನ ಮೇಲೆ ಹಾಸಿ ಓದುತ್ತಿದ್ದರು. ತೋಳಿನ ಗುಂಡಿ ಹಾಕುವ ಬದಲು ಅಂಗಿಯನ್ನು ಮೊಣಕೈತನಕ ಮಡಚುತ್ತಿದ್ದರು. ನಾನು ಅದನ್ನು ಹೊಸ ಫ್ಯಾಷನ್ ಎಂದುಕೊಂಡಿದ್ದೆ.

ಒಂದು ಭಾನುವಾರ ದೋಣಿಯ ಚುಕ್ಕಾಣಿಗೆ ತಂತಿ ಪೋಣಿಸುತ್ತಿದ್ದರು. ತಂತಿಯ ತುದಿ ರಂಧ್ರದ ಸುತ್ತ ಟಿಕ್ ಟಿಕ್ ಎಂದು ಮರಕ್ಕೆ ತಾಗುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲದ ಹಬ್ಬ ಹುಡುಕುತ್ತ ನಿಂತೆ. ಕೊನೆಗೆ ಇವರೇ, "ಬಾ, ನೀನು ಹಾಕು" ಎಂದರು. ಸೂಜಿಗೆ ದಾರದಂತೆ ಒಂದೇ ಸಲಕ್ಕೆ ಹೋಯಿತು. ಹೋಗಬಾರದಿತ್ತು ಅನ್ನಿಸಿತು.

"ಆಫೀಸಲ್ಲಿ ಡ್ರಾಯಿಂಗ್ ಬೋರ್ಡಿಂದ ಎಬ್ಬಿಸಿದಾರೆ" ಎಂದರು ತಂತಿಯನ್ನೇ ನೋಡುತ್ತ. "ಈಗ ಬೇರೆಯವರ ಗೆರೆ ಚೆಕ್ ಮಾಡೋ ಕೆಲಸ. ಡಾಕ್ಟ್ರು ಇದು ವಾಸಿಯಾಗೋ ನಡುಕ ಅಲ್ಲ ಅಂದ್ರು, ಹೆಚ್ಚಾಗತ್ತಂತೆ." ಆಮೇಲೆ ದೋಣಿಯ ಬೆನ್ನು ಸವರಿ, "ಇದನ್ನ ಮಾತ್ರ ನಾನೇ ಓಡಿಸ್ಬೇಕು ಕಣೇ. ಪೇಪರ್ ಮೇಲಂತೂ ಇನ್ನು ಆಗಲ್ಲ, ನೀರಿನ ಮೇಲಾದ್ರೂ ಒಂದು ನೆಟ್ಟಗಿರೋ ಗೆರೆ ಎಳೀತೀನಿ" ಎಂದರು.

ಅಪರಿಚಿತರ ದುಃಖಕ್ಕೆ ಯಾವ ವಾಕ್ಯ ಹೇಳಬೇಕೆಂದು ಕಾನ್ವೆಂಟಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಗಂಡನ ದುಃಖಕ್ಕೆ ಏನು ಹೇಳಬೇಕೆಂಬುದು ಸಿಲಬಸ್ಸಿನಲ್ಲಿರಲಿಲ್ಲ. "ಕಾಫಿ ಮಾಡ್ಲಾ?" ಎಂದೆ. "ಅರ್ಧ ಲೋಟ" ಎಂದರು.

ಗಾಳಿ ಏಳುವ ಮುಂಚೆ ನೀರು ತಟ್ಟೆಯಂತಿರುತ್ತದೆಂದು ಮುಂದಿನ ಭಾನುವಾರ ಬೆಳಗ್ಗೆಯೇ ಹುಳಿಮಾವಿನ ಕೆರೆಗೆ ಹೊರಟೆವು. ಮೂರ್ತಿಯ ಸ್ಕೂಟರಿನಲ್ಲಿ ಇವರು, ಹಿಂದೆ ಆಟೋದಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ದೋಣಿಯನ್ನು ಮಡಿಲಲ್ಲಿಟ್ಟುಕೊಂಡು ನಾನು. ಬಿಳೇಕಹಳ್ಳಿ ದಾಟುವಾಗ ಆಟೋದವನು ಕನ್ನಡಿಯಲ್ಲಿ ನೋಡಿ, "ಮಗೂಗೆ ಗಾಳಿ ಹೊಡಿಯತ್ತಕ್ಕಾ, ತಲೆ ಮುಚ್ಚಿ" ಎಂದ. ಮುಚ್ಚಿದೆ.

ಎಂಜಿನ್ ಕಿರುಚಿತು. ದೋಣಿ ಮೂತಿ ಎತ್ತಿ ನಿಜಕ್ಕೂ ನೀರಿನ ಮೇಲೇ ಜಾರಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತರು. ಇವರ ಮುಖ ನೋಡಬೇಕಿತ್ತು. ನಮ್ಮ ಮದುವೆಯ ದಿನವೂ ಅಷ್ಟು ಖುಷಿಯಾಗಿರಲಿಲ್ಲ ಎಂದು ಪ್ರಮಾಣ ಮಾಡಬಲ್ಲೆ. ಆಮೇಲೆ ದೋಣಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ. ಇವರ ಹೆಬ್ಬೆರಳಲ್ಲಿ ಇದ್ದದ್ದೆಲ್ಲ ಕೆರೆಯ ಮೇಲೆ ದೊಡ್ಡದಾಗಿ ಮೂಡುತ್ತಿತ್ತು. ಏನೂ ಗೊತ್ತಿರದ ಮೂರ್ತಿ ಚಪ್ಪಾಳೆ ತಟ್ಟಿ, "ಏನ್ ಗುರು, ಬೆಳಗ್ಗೆ ಬೆಳಗ್ಗೇನೇ ದೋಣಿಗೆ ಎಣ್ಣೆ ಹಾಕಿಸ್ಕೊಂಡ್ ಬಂದಿದೀಯಾ?" ಎಂದರು. ಇವರೂ ನಕ್ಕರು. ಎಡಗೈಯಿಂದ ಬಲಗೈಯನ್ನು ಬಿಗಿಹಿಡಿದು ನೋಡಿದರು. ನಡುಕ ಎರಡರಷ್ಟಾಯಿತು. ಸ್ವಲ್ಪ ಹೊತ್ತಾದ ಮೇಲೆ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ತಗೋ" ಎಂದರು.

ಸೈಕಲ್ಲನ್ನೂ ತುಳಿಯದ ನನ್ನ ಕೈಯಲ್ಲಿ ಆ ದರಿದ್ರ ದೋಣಿ ಇಸ್ತ್ರಿ ಮಾಡಿದ ಸೀರೆಯ ಅಂಚಿನಂತೆ ನೆಟ್ಟಗೆ ಹೋಯಿತು. "ಮೇಡಂ, ಸಖತ್!" ಎಂದು ಮೂರ್ತಿ ಕೂಗಿದರು. ಅವರ ಬಾಯಿಗೆ ಸೆರಗು ತುರುಕುವ ಮನಸ್ಸಾಯಿತು. ದೋಣಿಯದೇ ದೋಷ, ಯಾರು ಓಡಿಸಿದರೂ ಹೀಗೇ ಎಂದು ಇವರಿಗೆ ತೋರಿಸಿಬಿಡೋಣ ಎಂದುಕೊಂಡು ಕಡ್ಡಿಯನ್ನು ಆಚೀಚೆ ಅಲ್ಲಾಡಿಸಿದೆ. ದೋಣಿ ಹಾವಿನಂತೆ ಹೊರಳಿತು.

ಇವರು ಕಿವಿಯ ಹತ್ತಿರ ಬಗ್ಗಿ, ಮೂರ್ತಿಗೆ ಕೇಳದಂತೆ ಹೇಳಿದರು: "ಅಷ್ಟೊಂದು ನಡುಗಲ್ಲ ಕಣೇ ನನ್ನ ಕೈ. ಸ್ವಲ್ಪ ಕಮ್ಮಿ ಮಾಡು."

ಶಾಲೆಯ ನಾಟಕಗಳಲ್ಲಿ ಸಿಸ್ಟರುಗಳು ನನಗೆ ಪ್ರತಿವರ್ಷ ಮರದ ಪಾತ್ರವನ್ನೇ ಏಕೆ ಕೊಡುತ್ತಿದ್ದರೆಂದು ಆಗ ಅರ್ಥವಾಯಿತು. ಕಡ್ಡಿಯನ್ನು ನೆಟ್ಟಗೆ ಹಿಡಿದು ಮರದಂತೆಯೇ ನಿಂತೆ. ಆದರೆ ಕಣ್ಣು ತುಂಬಿ ಬಂದು ಕೆರೆ, ದೋಣಿ, ದಡ ಎಲ್ಲ ಕಲಸಿಹೋದವು. ಮೂರ್ತಿ "ಮೇಡಂ, ಜೊಂಡು! ಜೊಂಡು!" ಎಂದು ಅರಚುವಷ್ಟರಲ್ಲಿ ದೋಣಿ ಎರಡು ಸಲ ಓಲಾಡಿ ಹುಲ್ಲಿನೊಳಗೆ ನುಗ್ಗಿ ಕೆಮ್ಮಿ ನಿಂತಿತು.

"ಮತ್ತೆ ಶುರು ಮಾಡಿದ್ಯಾ?" ಎಂದು ಇವರು ನಗುತ್ತ ಪ್ಯಾಂಟು ಮಡಚಿ ನೀರಿಗಿಳಿದರು.

ನನ್ನ ನಟನೆಯನ್ನು ಯಾರಾದರೂ ನಂಬಿದ್ದು ಜೀವನದಲ್ಲಿ ಅದೊಂದೇ ಸಲ. ಆಗ ನಾನು ನಟಿಸುತ್ತಿರಲಿಲ್ಲ.