ಒಂದು ನೇರ ಗೀಟಿಗೆ ಕಂಪ್ಯೂಟರ್ ಮಿಷನ್ನು

ನಮ್ಮ ಸೋದರತ್ತೆಯ ಎದುರು ಒಳ್ಳೆಯ ಬಟ್ಟೆ ಹಾಕಿಕೊಂಡು ಕೂರಬಾರದು. ಕೂತರೆ ಮುಂದಿನದಕ್ಕೆ ನೀವೇ ಜವಾಬ್ದಾರರು. ಗುಂಡ್ಲುಪೇಟೆಯ ಅವರ ಮನೆಗೆ ಹೋದವರಿಗೆ ಮೊದಲು ನೀರು ಬರುತ್ತದೆ, ಆಮೇಲೆ ಕಾಫಿ ಬರುತ್ತದೆ. ಇವೆರಡರ ನಡುವೆ ಅತ್ತೆಯ ಎರಡು ಬೆರಳು ಬಂದು ನಿಮ್ಮ ಸೆರಗನ್ನೋ ಅಂಗಿಯ ತುದಿಯನ್ನೋ ಉಜ್ಜಿ ನೋಡುತ್ತವೆ. "ಒಳ್ಳೆ ಕಾಟನ್ನು ಕಣಮ್ಮಿ," ಎನ್ನುತ್ತಾರೆ. ಹೊಗಳಿದರೆಂದು ನೀವು ಹಿಗ್ಗುವಷ್ಟರಲ್ಲಿ ಇನ್ನೊಂದು ಮಾತು ಬರುತ್ತದೆ: "ಇದು ಯಾವಾಗ ಹಳೇದಾಯ್ತದೆ?"

ಅತ್ತೆ ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ, ಪಂಚೆ, ಅಂಗಿಗಳನ್ನು ತುಂಡು ಮಾಡಿ, ಪದರದ ಮೇಲೆ ಪದರ ಇಟ್ಟು ಹೊಲಿದ ಹೊದಿಕೆ. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ಜಾತಿ: ಬಟ್ಟೆ ಹಳೆಯದಾದವರು, ಇನ್ನೂ ಆಗದವರು. ಒಮ್ಮೆ ಪಕ್ಕದ ಮನೆಯ ಹುಡುಗಿಯನ್ನು ನೋಡಲು ಚಂದಕವಾಡಿಯಿಂದ ಗಂಡಿನ ಕಡೆಯವರು ಬಂದಿದ್ದರು. ಹಿರಿಯರೆಂದು ಅತ್ತೆಯನ್ನೂ ಕರೆದು ಕೂರಿಸಿದ್ದರು. ಬಂದವರು ಹೊರಟ ಮೇಲೆ ಹುಡುಗಿಯ ತಾಯಿ ಕೇಳಿದರು:

"ಹೆಂಗಕ್ಕ, ಹುಡ್ಗ?"

"ಷರಟು ಚೆನ್ನಾಗದೆ."

"ಷರಟಲ್ಲ ಕಣಕ್ಕ, ಹುಡ್ಗ!"

"ಹುಡ್ಗನ್ನ ಯಾರವ್ವ ನೋಡ್ದೋರು? ಬೆನ್ನಿನ ಬಟ್ಟೆ ಒಂದೇ ಸಾಕು, ಕೌದಿ ನಡುಭಾಗ ಮುಗ್ದೋಯ್ತದೆ."

ಮದುವೆ ಆಯಿತು. ಆ ಷರಟು ಈಗ ಕೌದಿಯ ನಡುಭಾಗದಲ್ಲಿರುವುದನ್ನು ನಾನು ಖುದ್ದಾಗಿ ಪರಿಶೀಲಿಸಿದ್ದೇನೆ.

ಇಂಥ ಅತ್ತೆ, ಮದುವೆಯಾದಾಗಿನಿಂದ ತುಳಿದ ಕಾಲುಮಿಷನ್ನನ್ನು ಮೂಲೆಗೆ ತಳ್ಳಿ, ಮೈಸೂರಿನಿಂದ ಒಂದು ಕಂಪ್ಯೂಟರ್ ಮಿಷನ್ನು ತಂದರು. ಬೆಲೆ ಬರೆಯುವುದಿಲ್ಲ. ಓದುಗರ ಆರೋಗ್ಯವೂ ಮುಖ್ಯ. ಅಂಗಡಿಯಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ, ಅತ್ತೆಯ ಮಗ ಮಲ್ಲೇಶ ಹೇಳಿದ್ದನ್ನು ಹೇಳುತ್ತಿದ್ದೇನೆ. ಮಲ್ಲೇಶನದು ಈರುಳ್ಳಿ ಮಂಡಿ. ಗಟ್ಟಿ ಮನುಷ್ಯ. ಅಂಗಡಿಯ ಹುಡುಗಿ ಪರದೆ ಮುಟ್ಟಿ ಮುಟ್ಟಿ, ಮಿಷನ್ನು ಹೊಲಿಯುವ ಹೂವು, ಎಲೆ, ಸರಪಳಿಗಳನ್ನೆಲ್ಲ ತೋರಿಸಿದಳಂತೆ.

"ಬಾತುಕೋಳೀನೂ ಹೊಲಿಯುತ್ತೆ ಅಮ್ಮ!"

"ಬಾತುಕೋಳಿ ಹೊದ್ಕಂಡು ಯಾರವ್ವ ಮಲಗ್ತಾರೆ? ನೇರಕ್ಕೆ ಒಂದು ಗೀಟು ಹಾಕ್ತದಾ?"

"ಹಾಕುತ್ತೆ ಅಮ್ಮ."

ಅಷ್ಟರಲ್ಲಿ ಮಂಡಿಯಿಂದ ಫೋನು ಬಂತು. ಮಲ್ಲೇಶ ಹೊರಗೆ ಹೋಗಿ ಒಂದು ಲಾರಿ ಈರುಳ್ಳಿಯ ಜಗಳ ಬಗೆಹರಿಸಿ ಒಳಗೆ ಬರುವಷ್ಟರಲ್ಲಿ ಮಿಷನ್ನು ಪೆಟ್ಟಿಗೆ ಸೇರಿತ್ತು, ಅತ್ತೆ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಅವನಿಗೆ ಸಿಕ್ಕ ಸಮಾಧಾನ ಒಂದೇ: ತಿಂಗಳೊಳಗೆ ಬೇಡವೆಂದರೆ ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ. ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ವಾಪಸು ಕೊಡಬೇಕೆಂಬ ಮಲ್ಲೇಶನ ಪಕ್ಷ, ಕೊಡುವುದಿಲ್ಲವೆಂಬ ಅತ್ತೆಯ ಪಕ್ಷ. ಮಾವ ಯಾವ ಪಕ್ಷಕ್ಕೂ ಸೇರದೆ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಜಾಹೀರಾತನ್ನೂ ಬಿಡದೆ ಓದುವ ಅವರು ಬಿಡುವುದು ಅದೇ ಪೇಪರಿಗೆ ನಾನು ಬರೆದದ್ದನ್ನು ಮಾತ್ರ!

ಮಿಷನ್ನು ಬಂದ ಸೋಮವಾರವೇ ಪೂಜೆ. ಮನೆಗೆ ಬಂದ ಟ್ರ್ಯಾಕ್ಟರಿಗೂ ಫ್ರಿಜ್ಜಿಗೂ ಮೂರು ಬೆರಳಿನ ವಿಭೂತಿ ಎಳೆದ ಮನೆ ಅದು, ಮಿಷನ್ನಿಗೆ ಬಿಡುತ್ತಾರೆಯೆ? ಹಣೆ ಎಲ್ಲಿ ಎಂದು ಹುಡುಕಿದ ಅತ್ತೆಗೆ ಪರದೆಯೇ ಹಣೆಯಂತೆ ಕಂಡಿತು. ಭಕ್ತಿಯಿಂದ ಅಡ್ಡಕ್ಕೆ ಮೂರು ಗೆರೆ ಎಳೆದರು. ಮುಟ್ಟಿದರೆ ಮಾತು ಕೇಳುವ ಪರದೆಗೆ ಭಕ್ತಿಯೂ ಒಂದು ಆಜ್ಞೆಯೇ. ಅತ್ತೆ ಕೌದಿ ಇಟ್ಟು ಪೆಡಲ್ ಒತ್ತಿದ್ದೇ ತಡ, ಒಂದರ ಹಿಂದೆ ಒಂದು ಬಾತುಕೋಳಿ ಹೊರಟವು! ನಿಲ್ಲಿಸುವುದು ಹೇಗೆಂದು ಗೊತ್ತಿಲ್ಲ, ಮಲ್ಲೇಶ ಫೋನು ಎತ್ತುತ್ತಿಲ್ಲ. ಅಂಚಿನ ಹೊಲಿಗೆಯನ್ನು ಅರ್ಧಕ್ಕೆ ಬಿಡುವುದು ಅತ್ತೆಯ ಜಾಯಮಾನವಲ್ಲ. ಬಾತುಕೋಳಿಗಳು ಕೌದಿಯ ಸುತ್ತ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿದವು.

ಮುಂದಿನ ಸೋಮವಾರದ ವಿಭೂತಿಗೆ ದ್ರಾಕ್ಷಿ ಗೊಂಚಲು ಬಂತು. ಪಕ್ಕದ ಮನೆಯಾಕೆ ಮೊಮ್ಮಗುವಿಗೆ ಬಾತುಕೋಳಿಯದೇ ಬೇಕೆಂದು ಹಟ ಹಿಡಿದಾಗ ಅತ್ತೆ ಕೈ ಮುಗಿದುಬಿಟ್ಟರು. "ಅದು ನನ್ ಕೈಲಿಲ್ಲ ಕಣವ್ವ. ಶಿವ ಏನು ಕೊಡ್ತಾನೋ ಅದು!"

ವಾಪಸು ಕೊಡುವ ಗಡುವು ಹತ್ತಿರ ಬಂದಾಗ ಮಲ್ಲೇಶ ನನಗೆ ಫೋನು ಮಾಡಿದ. "ನೀನು ಪೇಪರ್ನೋನು ಕಣ್ಲಾ. ಎಲ್ಡೂ ಕಡೆ ಕೇಳಿ ಬರೀತೀನಿ ಅಂತೀಯಲ್ಲ, ಬಂದು ನ್ಯಾಯ ಹೇಳು." ನಾನು ಚಾಮರಾಜನಗರದಿಂದ ಬಸ್ಸು ಹತ್ತಿದೆ.

ವಿಚಾರಣೆ ನಡುಮನೆಯಲ್ಲಿ ನಡೆಯಿತು.

"ಒಂದು ಗೀಟು ಹಾಕಕ್ಕೆ ಇಷ್ಟು ದೊಡ್ಡ ಮಿಷನ್ ಯಾಕವ್ವ?" ಎಂದ ಮಲ್ಲೇಶ. "ಕರೆಂಟ್ ಹೋದ್ರೆ ಮಲಗ್ತದೆ. ಬಟ್ಟೆ ಒಸಿ ದಪ್ಪ ಆದ್ರೆ ಕೀಂಯ್ ಅಂತದೆ!"

"ನೀನು ಮಂಡಿಗೆ ಹೋಗಕ್ಕೆ ಅಷ್ಟು ದೊಡ್ಡ ಕಾರು ಯಾಕ್ಲಾ? ಸೈಕಲ್ ಉರುಳಾಕಿಲ್ವಾ?"

"ಕಾರು ಬೇರೆ ಕಣವ್ವ!"

"ಹೂಂ ಬುಡು, ನಿಂದಾದ್ರೆ ಬೇರೆ."

ನಾನು ಸಾಕ್ಷ್ಯಕ್ಕೆ ಇಳಿದೆ. ಮಲ್ಲೇಶನ ಕೈಲಿ ಪರದೆಯನ್ನು ನೇರ ಗೀಟಿಗೆ ಇಡಿಸಿ, ಒಂದೇ ಕೌದಿಯ ತುಂಡಿನ ಮೇಲೆ ಎರಡೂ ಮಿಷನ್ನಿನಲ್ಲಿ ಒಂದೊಂದು ಗೀಟು ಹಾಕಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ. ಅಜ್ಜಿ ಕಾಲದ ಕಾಲುಮಿಷನ್ನಿನ ಗೀಟು ಯಾವುದು, ಲಾರಿ ಲೋಡು ಈರುಳ್ಳಿಯ ಬೆಲೆಯ ಗೀಟು ಯಾವುದು ಎಂದು ಹೇಳಲು ಆಗಲಿಲ್ಲ. ಸುಳ್ಳೇಕೆ, ಒಂದು ಗೀಟು ಕೂದಲೆಳೆಯಷ್ಟು ಹೆಚ್ಚು ನೇರವಿತ್ತು; ಕೇಳಿದರೆ, ಅದು ಕಾಲುಮಿಷನ್ನಿನದು. ಕೌದಿಗೆ ದುಬಾರಿ ಮಿಷನ್ನು ಬೇಡವೆಂದು ನಾನು ತೀರ್ಪು ಕೊಟ್ಟೆ. ಮಲ್ಲೇಶ ಗೆದ್ದವನ ಹೆಜ್ಜೆ ಹಾಕಿ ಅಟ್ಟದಿಂದ ಖಾಲಿ ಪೆಟ್ಟಿಗೆ ಇಳಿಸಿ ತಂದ.

ಅತ್ತೆ ಜಗುಲಿಯ ಕಡೆ ತಿರುಗಿ, "ಇಲ್ಲಿ ಒಸಿ ಬನ್ನಿ, ದಾರ ಪೋಣ್ಸಬೇಕು," ಎಂದು ಕರೆದರು.

ಮಾವ ಪೇಪರ್ ಮಡಿಚಿಟ್ಟು ಬಂದು ಮಿಷನ್ನಿನ ಮುಂದೆ ಕೂತರು. ಈಚೆಗೆ ಅವರ ಬಲಗೈ ನಡುಗುತ್ತದೆ, ಕಾಫಿಯನ್ನೂ ಅರ್ಧ ಲೋಟವೇ ಕೊಡುತ್ತಾರೆ. ದಾರವನ್ನು ಅತ್ತೆ ಕೊಂಡಿಗೆ ಸಿಕ್ಕಿಸಿ ಇಟ್ಟಿದ್ದರು. ಮಾವನ ಬೆರಳು ಒಂದು ಗುಂಡಿಯ ಸುತ್ತ ಅಲೆದಾಡಿ, ಕೊನೆಗೆ ಅದರ ಮೇಲೆ ಕೂತಿತು. ಟಿಕ್ ಎಂದಿತು. ಪುಟ್ಟದೊಂದು ಕೊಕ್ಕೆ ಇಳಿದು ಬಂದು, ದಾರವನ್ನು ಸೂಜಿಯ ಕಣ್ಣಿನಲ್ಲಿ ಎಳೆದುಕೊಂಡು ಹೋಯಿತು.

"ಮದ್ವೆ ಆದಾಗ್ಲಿಂದ ಇವಳಿಗೆ ಸೂಜಿ ಪೋಣ್ಸೋನು ನಾನೇ ಕಣ್ಲಾ," ಎಂದರು ಮಾವ ನನ್ನ ಕಡೆ ನೋಡಿ. "ಇವತ್ಗೂ ಇವಳಿಗೆ ಬರಾಕಿಲ್ಲ." ಎದ್ದು ಜಗುಲಿಗೆ ಹೋದರು.

ಅತ್ತೆ ದನಿ ತಗ್ಗಿಸಿದರು. "ನಂಗೆ ಕಣ್ ಮುಚ್ಕಂಡ್ರೂ ಬತ್ತದೆ ಕಣಪ್ಪ. ಪೋಣ್ಸೋ ನೆಪದಲ್ಲಾದ್ರೂ ಇವ್ರು ಪಕ್ಕಕ್ಕೆ ಬತ್ತರಲ್ಲ ಅಂತ, ನಂಗೆ ಬರಾಕಿಲ್ಲ ಅಂದಿದ್ದೆ. ಕೈ ನಡುಗಕ್ಕೆ ಹತ್ತಿದ್ ಮೇಲೆ ಒಂದಿನ ಹಳೇ ಮಿಷನ್ ಮುಂದೆ ಕೂತು, ಆಗ್ದೆ, ಬೆವತೋದ್ರು. ಆಮೇಲೆ ಕರದ್ರೂ ಈ ಕಡೀಕೆ ಬರ್ನಿಲ್ಲ. ಅಂಗಡೀಲಿ ಆ ಹುಡ್ಗಿ ಈ ಗುಂಡಿ ತೋರುಸ್ದಳು ನೋಡು..."

ಮಲ್ಲೇಶ ಖಾಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಲ್ಲೇ ನಿಂತಿದ್ದ. ನಿಂತವನು ಹೋಗಿ ಅದನ್ನು ಮತ್ತೆ ಅಟ್ಟದ ಮೇಲಿಟ್ಟು ಬಂದ.

ಅತ್ತೆ ಪೆಡಲ್ ಒತ್ತಿದರು. ಗೀಟು ಒಂದು ಗೇಣು ಹೋಯಿತು. ದಾರ ಚೆನ್ನಾಗಿಯೇ ಓಡುತ್ತಿತ್ತು. ಅತ್ತೆ ಕತ್ತರಿ ತೆಗೆದುಕೊಂಡು, ಸೂಜಿಯ ಮೇಲುಗಡೆ ಕಚಕ್ಕನೆ ಅದನ್ನು ಕತ್ತರಿಸಿದರು.

"ಬಂದ್ರಾ? ದಾರ ಕಿತ್ತೋಯ್ತು!"

ಜಗುಲಿಯಿಂದ ಮಾವನ ದನಿ ಕೇಳಿಸಿತು. "ಬಂದೆ, ಬಂದೆ! ನೀನು ಮುಟ್ಬ್ಯಾಡ, ನಿಂಗೆ ಬರಾಕಿಲ್ಲ!"