ಹೊಳೆಯ ಕೆಳಗಿನ ಹಗೇವು

ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆದುಕೊಳ್ಳುವ ಚಟ ನನಗಿತ್ತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಟ್ರಂಕಿನ ಮೇಲೆ, ಕೊಡೆಯ ಹಿಡಿಕೆಯ ಮೇಲೆ, ಕೊನೆಗೆ ಅವ್ವ ಕೊಟ್ಟ ಹಿತ್ತಾಳೆ ತಂಬಿಗೆಯ ಮೇಲೂ ಕೊರೆಸಿದ್ದೆ. ಬೆಳಿಗ್ಗೆ ಆ ತಂಬಿಗೆ ಹಿಡಿದು ಬಯಲಿಗೆ ಹೊರಟರೆ ಓಣಿಯ ಗೆಳೆಯರು, "ಬಿ.ಎಸ್ಸಿ. ಸಾಹೇಬ್ರು ಹೊಂಟ್ರು, ದಾರಿ ಬಿಡ್ರಪಾ" ಎನ್ನುತ್ತಿದ್ದರು. ನಗಲಿ ಬಿಡಿ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸಹಿ ಮಾಡಿದವರೇ ಇಲ್ಲ, ಎಲ್ಲ ಹೆಬ್ಬೆಟ್ಟು. ಅಷ್ಟಕ್ಕಾಗಿ ಧಾರವಾಡದಲ್ಲಿ ಕಂಡವರ ಮನೆಯ ತಂಗಳ ರೊಟ್ಟಿ ತಿಂದು ಓದಿದವನು ನಾನು.

ಅದು ಯುದ್ಧದ ಕಾಲ. ಸರಕಾರದವರು ಮನೆಮನೆಯ ಜೋಳಕ್ಕೆ ಲೆವಿ, ಅಂದರೆ ಕಡ್ಡಾಯದ ಪಾಲು, ಎತ್ತುತ್ತಿದ್ದರು. ಜನ ಉಳಿದದ್ದನ್ನು ಅಂಗಳದ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ ಮುಚ್ಚಿ, ಮೇಲೆ ಸೆಗಣಿ ಸಾರಿಸಿ ಏನೂ ಅರಿಯದವರಂತೆ ಕೂತಿದ್ದರು. ಅಂಥ ಹೊತ್ತಿನಲ್ಲೇ ಹಾನಗಲ್ಲ ಕಡೆಯ ನಮ್ಮೂರಿಗೆ, ವರದಾ ಹೊಳೆಗೆ ಒಡ್ಡು ಕಟ್ಟುವ ಮೊದಲು ತಳ ಪರೀಕ್ಷಿಸಲು ಒಂದು ತಂಡ ಬಂತು. ತಳದ ಸುಣ್ಣಕಲ್ಲನ್ನು ನೀರು ಕರಗಿಸಿ ಒಳಗೆ ಗವಿ ಕೊರೆದಿದ್ದರೆ ಒಡ್ಡು ನಿಲ್ಲುವುದಿಲ್ಲ. ಅದಕ್ಕೆ ದಂಡೆಯಲ್ಲಿ ಸಣ್ಣ ಮದ್ದು ಹಾರಿಸಿ, ನೆಲದ ನಡುಕವನ್ನು ಸಾಲಾಗಿ ಹೂಳಿದ ಡಬ್ಬಿಗಳಲ್ಲಿ ಹಿಡಿದು, ಕಾಗದದ ಮೇಲೆ ಮೂಡುವ ಗೆರೆ ಓದಬೇಕು. ನಾನು ಸಹಾಯಕ, ಮೇಲಾಗಿ ದುಭಾಷಿ.

ಚಾವಡಿಯ ಮುಂದೆ ಜನ ಕೇಳಿದರು, "ಈ ಡಬ್ಬಿ ಏನ್ ಮಾಡ್ತೈತ್ರಿ?" ಗವಿ ಎಂದರೆ ಇವರು ಹುಲಿ ಕರಡಿ ನೆನೆದಾರು ಅನ್ನಿಸಿತು. ವಿಜ್ಞಾನವನ್ನು ತಿಳಿಗನ್ನಡದಲ್ಲಿ ಹೇಳುವ ಉಮೇದು ಬೇರೆ. "ನೆಲದಾಗ ಹಗೇವು ಎಲ್ಲೆಲ್ಲಿ ಅದಾವು, ಅದನ್ನ ಹೇಳತೈತಿ" ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕನ್ನಡಕ್ಕೆ ಬೆರಗಾದರೆಂದು ತಿಳಿದೆ.

ಮರುದಿನ ಮದ್ದು ಹಾರಿಸಿದಷ್ಟು ಸಲವೂ ಗೆರೆಗಳು ಹುಚ್ಚು ಹಿಡಿದಂತೆ ಕುಣಿದವು. ಕಾರಣ ನೋಡಿ ಬನ್ನಿ ಎಂದು ತಂಡದ ಸಾಹೇಬರು ನನ್ನನ್ನು ಅಟ್ಟಿದರು. ದಂಡೆ ಹತ್ತಿದರೆ ಬೇಲಿಯಾಚೆ ಚಕ್ಕಡಿಗಳ ಸಾಲು; ಅವುಗಳ ಗಾಲಿಯ ಅದುರೇ ಗೆರೆಗಳನ್ನು ಕುಣಿಸಿದ್ದು. ಕೊನೆಯದು ನಮ್ಮದೇ, ಅಪ್ಪ ಚೀಲಗಳ ಮೇಲೆ ಕೂತಿದ್ದ.

"ಎಲ್ಲಿಗಪ್ಪಾ?"

"ಹಂಸಭಾವಿಗೆ, ನಿಮ್ಮತ್ತಿ ಮನಿಗೆ. ಬಿತ್ತಾಕ ಉಳಿದಿದ್ದು ಇಷ್ಟ ಜ್ವಾಳ. ನಿನ್ನ ಡಬ್ಬಿ ನಮ್ಮ ಅಂಗಳಕ್ಕ ಬರೋದ್ರಾಗ ದಾಟಸ್ತೇನಿ."

"ನಾ ಹೇಳಿದ್ದು ಹೊಳಿ ತಳದ ಹಗೇವು!"

"ಹೊಳ್ಯಾಗ ಯಾರರ ಹಗೇವು ತೋಡ್ತಾರೇನೋ?" ಅಪ್ಪನ ದನಿ ಇಳಿಯಿತು. "ನಿನ್ನ ಓದಿಸಿದ್ದು ನಮ್ಮ ಹಗೇವು ಹುಡುಕಾಕೇನ್ ತಮ್ಮಾ?"

ಎತ್ತುಗಳ ಮುಂದೆ ನಿಂತು ಕಲ್ಲು, ಸುಣ್ಣ, ನೀರು, ಗವಿ ಎಂದು ಎಲ್ಲ ಬಿಡಿಸಿ ಹೇಳಿದೆ. ಎತ್ತುಗಳೂ ಕೇಳಿದವು. ಕೊನೆಗೆ ಅಪ್ಪ, "ಇದನ್ನ ನಿನ್ನೇನ ಕನ್ನಡದಾಗ ಹೇಳಬಾರದಾಗಿತ್ತೇನು? ಈಗ ಹಿಂದಕ್ಕ ಹೊಳ್ಳಿದ್ರ ಲೆವಿ ಎತ್ತೋ ತಲಾಟಿ ಕಣ್ಣಿಗೆ ಬೀಳ್ತೇನಿ" ಎಂದು ಬಾರುಕೋಲು ಎತ್ತಿದ. ಕನ್ನಡದಲ್ಲಿ ಹೇಳಿದ್ದರಿಂದಲೇ ಇಷ್ಟೆಲ್ಲ ಆಯಿತೆಂದುಕೊಂಡು ಎತ್ತುಗಳಿಗೆ ದಾರಿ ಬಿಟ್ಟೆ.

ಹೊಳೆಗೆ ಮರಳಿದೆ. ಸಾಹೇಬರು ಕಾಗದ ಚಾಚಿದರು. ಕೆಟ್ಟ ಗೆರೆಗಳ ಪಕ್ಕ ಕಾರಣ ಬರೆದು ಸಹಿ ಮಾಡಬೇಕು. ಚಕ್ಕಡಿ ಎಂದು ಬರೆದರೆ ಊರಿನ ಬೀಜದ ಜೋಳ ಲೆವಿಗೆ ಹೋಗುತ್ತದೆ. 'ಕಾರಣ ತಿಳಿಯದು' ಎಂದು ಬರೆದೆ. ಕೆಳಗೆ ಬರಿಯ ಹೆಸರು ಹಾಕಿ, ತಲೆ ಎತ್ತದೆ ಕಾಗದ ಮಡಿಸತೊಡಗಿದೆ.

ಸಾಹೇಬರು ತಡೆದು, ಪೆನ್ಸಿಲ್ಲಿನಿಂದ ನನ್ನ ಹೆಸರಿನ ಪಕ್ಕದ ಖಾಲಿ ಜಾಗವನ್ನು ತಟ್ಟಿ ಇಂಗ್ಲಿಷಿನಲ್ಲಿ ಕೇಳಿದರು, "ಏನೋ ಬಿಟ್ಟಿದ್ದೀರಲ್ಲ?"

ಬರೆದೆ. ಬಿ.ಎಸ್ಸಿ.