ಸೋದರಮಾವನ ಇಂಗ್ಲಿಷ್ ಹೊಗಳಿಕೆ

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯ ಪರವಾಗಿ ಮಾತಾಡಲು ಸೋದರಮಾವನಿಗಿಂತ ಯೋಗ್ಯ ಪ್ರಾಣಿ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವದು. ಅಕ್ಕನ ಮಗಳು ಶೈಲಾಳಿಗೆ ವಿಲೆ ಪಾರ್ಲೆಯಿಂದ ಸಂಬಂಧ ಬಂದಿತ್ತು. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ, ಅವನ ತಂದೆ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಉಳಿದದ್ದು ಇದೊಂದೇ ಚಿಂತೆ. ಹೇಗಾದರೂ ಇದು ಕೂಡಿಬರಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಮೇಷ್ಟ್ರ ಮುಂದೆ ಬರೀ ಕನ್ನಡ ಸಾಕೇ? ಚೆಂಬೂರಿನ ನಮ್ಮ ಆಫೀಸಿನಲ್ಲಿದ್ದ ದಪ್ಪ ಡಿಕ್ಷನರಿ ತೆರೆದೆ. ಸರಕಾರಿ ಹಾಲಿನ ಕಾರ್ಡಿಗೆ ಸಿಗುವ ಅಳತೆಯ ಹಾಲಿನಲ್ಲೇ ಮೊಸರು, ಬೆಣ್ಣೆ ಎಲ್ಲವನ್ನೂ ತೂಗಿಸುವ ಹುಡುಗಿಗೆ ತಕ್ಕ ಪದ ಬೇಕಿತ್ತು. ಸಿಕ್ಕಿತು: ಪಾರ್ಸಿಮೋನಿಯಸ್! ಮೂಲ ಲ್ಯಾಟಿನ್, ಉಳಿಸುವುದು ಎಂದು ಮೊದಲ ಸಾಲಿನಲ್ಲಿತ್ತು. ಲ್ಯಾಟಿನ್ ಎಂದರೆ ಅವರ ಸಂಸ್ಕೃತವಷ್ಟೆ. ಎರಡನೇ ಸಾಲು ಓದುವ ಮೊದಲೇ ಸಾಹೇಬರು ಕರೆದರು, ಪುಸ್ತಕ ಮುಚ್ಚಿದೆ.

ಭಾನುವಾರ ಆಂಟಾಪ್ ಹಿಲ್ಲಿನ ಅಕ್ಕನ ಮನೆಗೆ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ಬಂತು. ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ನಮ್ಮ ಶೈಲಾ ಬಹಳ ಪಾರ್ಸಿಮೋನಿಯಸ್. ನಮ್ಮ ವಂಶವೇ ಹಾಗೆ!"

ಮೇಷ್ಟ್ರ ಚಮಚ ಬಾಯಿಯ ಹತ್ತಿರ ನಿಂತಿತು. ಅವರ ಹೆಂಡತಿ ತಟ್ಟೆಯಲ್ಲಿ ಗೋಡಂಬಿ ಹುಡುಕತೊಡಗಿದರು. ನಾನು ಇದನ್ನು ಮೆಚ್ಚುಗೆ ಎಂದು ತಿಳಿದು, ಮದುವೆಯನ್ನೂ ಅಷ್ಟೇ ಪಾರ್ಸಿಮೋನಿಯಸ್ ಆಗಿ ಮಾಡಿಕೊಡುತ್ತೇವೆ, ಕಾಳಜಿ ಬೇಡ ಎಂದು ಭರವಸೆಯನ್ನೂ ಕೊಟ್ಟೆ.

ಮೇಷ್ಟ್ರು ಚಮಚ ಕೆಳಗಿಟ್ಟರು. ಆ ಪದದ ಬೇರಿನಲ್ಲಿ ಉಳಿಸುವ ಅರ್ಥವಿರುವುದು ನಿಜ, ಆದರೆ ಇಂಗ್ಲಿಷಿಗೆ ಬಂದು ಅದು ಕೆಟ್ಟುಹೋಗಿದೆ, ಈಗ ಹಾಗೆಂದರೆ ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ತರಗತಿಯಲ್ಲಿ ಪಾಠ ಮಾಡುವಂತೆ ನಿಧಾನವಾಗಿ ವಿವರಿಸಿದರು.

ಅಕ್ಕನಿಗೆ ಇಂಗ್ಲಿಷ್ ಬಾರದು. ಕಾಗೆ ಚೆನ್ನಾಗಿ ಅರ್ಥವಾಯಿತು! ಅವಳ ಮುಖ ಬಿಳಿಚಿಕೊಂಡಿತು. ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ, ಆದರೆ ನಾವಿದ್ದದ್ದು ಮೂರನೇ ಮಾಳಿಗೆಯಲ್ಲಿ.

ಮೇಷ್ಟ್ರು ಮೂಲೆಯಲ್ಲಿ ಕೂತಿದ್ದ ಶೈಲಾಳ ಕಡೆ ತಿರುಗಿದರು. "ನಿಂಗೆ ಈ ಪದದ ಅರ್ಥ ಗೊತ್ತಿತ್ತಾ ಮಗಾ?"

"ಗೊತ್ತಿತ್ತು."

"ಮತ್ತೆ ಎಂತಕ್ಕೆ ಸುಮ್ಮನಿದ್ದೆ?"

"ನಾನು ಬಾಯಿ ಬಿಟ್ರೆ ಸಂಬಂಧ ಹಾಳಾಗ್ತದೆ, ಎಲ್ಲ ತಾನೇ ಮಾತಾಡ್ತೇನೆ ಅಂತ ಮಾವ ಹೇಳಿದ್ರು."

ಮತ್ತೆ ಒಂದು ಚಮಚ ಬಾಯಿಗಿಟ್ಟಿದ್ದ ಮೇಷ್ಟ್ರು ನಕ್ಕ ರಭಸಕ್ಕೆ ಉಪ್ಪಿಟ್ಟು ನೆತ್ತಿಗೇರಿತು. ಹುಡುಗನೂ ನಕ್ಕ. ಕಾಫಿ ಬರುವ ಮೊದಲೇ ಸಂಬಂಧ ಕುದುರಿತು.

ಮುಂದಿನ ಮಾತುಕತೆಗೆ ಪಾರ್ಲೆಗೆ ಹೊರಡುವಾಗ ಅಕ್ಕ ನನ್ನ ಹೆಂಡತಿ ಮಕ್ಕಳನ್ನೂ ಪಕ್ಕದ ಮನೆಯವರನ್ನೂ ಕರೆದುಕೊಂಡಳು. ಹುಡುಗಿಯ ಸಾಕ್ಷಾತ್ ಸೋದರಮಾವನಾದ ನನಗೆ ಮನೆ ಕಾಯಲು ಹೇಳಿದಳು.